ಅಟ್ಟದ ಫ್ಯಾನಿಗೆ ಲೈನ್ ಕೊಟ್ಟ ದಿನ

ನಮ್ಮ ಸೊಸೆ ಜಗಳೂರಿನವಳು. ಮದುವೆಯಾಗಿ ಚನ್ನಗಿರಿಗೆ ಬಂದು ಆರು ವರ್ಷವಾಗಿದ್ದರೂ ಮಾವನ ಜೊತೆ ನೇರವಾಗಿ ಒಂದು ಮಾತಾಡಿದವಳಲ್ಲ. ಅವಳ ತವರಿನಲ್ಲಿ ಅದೇ ಮರ್ಯಾದೆ. ಅವರೆದುರು ಸೆರಗು ಹೊದ್ದು, ಹೇಳಬೇಕಾದ್ದನ್ನು ನನ್ನ ಕಿವಿಯಲ್ಲಿ ಹೇಳುವಳು. ನಾನು ಅವರಿಗೆ ದಾಟಿಸುವುದು. ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಓದಿ, ಮದುವೆಯ ಮರುದಿನವೇ ನನ್ನ ಮಾವನವರಿಗೆ ‘ಗುಡ್ ಮಾರ್ನಿಂಗ್’ ಹೇಳಿ ಮನೆಮಂದಿಯನ್ನೆಲ್ಲ ತಬ್ಬಿಬ್ಬು ಮಾಡಿದವಳು ನಾನು. ಆದರೂ ಇದನ್ನು ಬಿಡಿಸಲು ಹೋಗಲಿಲ್ಲ. ಹಾನೆಸ್ಟ್ಲಿ ಹೇಳುವುದಾದರೆ, ಈ ವಯಸ್ಸಿನಲ್ಲಿ ಇಬ್ಬರಿಗೂ ನಾನು ಬೇಕು ಎಂಬ ಸಣ್ಣ ಸುಖ ಅದರಲ್ಲಿತ್ತು.

ಕಳೆದ ಬೇಸಿಗೆಯಲ್ಲಿ ಆ ಸುಖ ನಮ್ಮ ಯಜಮಾನರ ಜೀವಕ್ಕೇ ಮುಳುವಾಗುತ್ತಿತ್ತು.

ನಮ್ಮದು ಶೀಟಿನ ಮನೆ. ಬೀಗರು ಕಳಿಸುವ ಈರುಳ್ಳಿಯನ್ನು ಅಟ್ಟದಲ್ಲಿ ಹರವಿರುತ್ತೇವೆ. ಬಿಸಿಗಾಳಿ ಹೊರಹೋಗಲೆಂದು ಅಲ್ಲೊಂದು ಎಕ್ಸಾಸ್ಟ್ ಫ್ಯಾನ್. ಮಧ್ಯಾಹ್ನ ಕರೆಂಟು ಹೋದರೆ ಈರುಳ್ಳಿ ಕೊಳೆಯುತ್ತದೆಂದು, ಇವರು ನ್ಯಾಮತಿಗೆ ತಂಗಿಯ ಮನೆಗೆ ಹೋಗಿದ್ದಾಗ ಮಗ ಆ ಫ್ಯಾನನ್ನು ಬ್ಯಾಟರಿಯ ಯುಪಿಎಸ್ ಲೈನಿಗೆ ಹಾಕಿಸಿದ. ಮಾವನಿಗೆ ತಿಳಿಸಿ ಎಂದು ಸೊಸೆ ಎರಡು ಸಲ ನೆನಪಿಸಿದ್ದಳು. ಹ್ಞೂಂ ಅಂದೆ. ಮರೆತೆ.

ಆಮೇಲೆ ಶೀಟು ಬದಲಿಸಲು ಬಂದವರು ಫ್ಯಾನ್ ಬಿಚ್ಚಿ, ವೈರಿನ ತುದಿಗಳಿಗೆ ಟೇಪು ಸುತ್ತಿ ಇಳಿಬಿಟ್ಟು ಹೋದರು. ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತೇನೆಂದ. ಇವರಿಗೆಲ್ಲಿಯ ತಾಳ್ಮೆ? ಹಿಂದೆಲ್ಲ ಮನೆಯ ಪ್ಲಗ್ಗು, ಸ್ವಿಚ್ಚು ಇವರದೇ ಕೈಕೆಲಸ. ಮಗ ಹೊನ್ನಾಳಿಯ ಆಫೀಸಿಗೆ ಹೊರಟೊಡನೆ ಏಣಿ ಹಾಕಿ ಹತ್ತಿಯೇಬಿಟ್ಟರು. ಟೆಸ್ಟರ್ ಜೇಬಿನಲ್ಲಿತ್ತು. ಮೇನ್ ಆಫ್ ಮಾಡಿದ ಮೇಲೆ ಅದೇಕೆ ಎಂಬ ಗತ್ತೂ ಇತ್ತು.

ಮೇನ್ ಆಫ್ ಆಯಿತೇ ಕೇಳು ಎಂದರು ಮೇಲಿನಿಂದ. ಕೇಳಿದೆ. ಪಡಸಾಲೆಯ ಬೋರ್ಡಿನ ಹತ್ತಿರವಿದ್ದ ಸೊಸೆ ಆಗಿದೆ ಎಂದಳು. ದಾಟಿಸಿದೆ. ಅಷ್ಟರಲ್ಲಿ ಮೂಲೆಯ ಯುಪಿಎಸ್ ಕೀಂ ಎಂದಿತು. ಅವಳು ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಅತ್ತೀ, ಮಾವಾರಿಗೆ ಹೇಳೀರಲ್ಲ, ಫ್ಯಾನ್ ಯುಪಿಎಸ್‌ಗೆ ಐತೆ ಅಂತ?"

ನಾನು ಹೇಳಿರಲಿಲ್ಲ. ಮುಖ ನೋಡಿಯೇ ಅವಳಿಗೆ ತಿಳಿಯಿತು. ನನ್ನನ್ನು ಸರಿಸಿ ಏಣಿಯ ಬುಡಕ್ಕೆ ಓಡಿದಳು. ಸೆರಗು ಎಲ್ಲೋ ಜಾರಿತ್ತು.

"ಮಾವಾರೇ, ವೈರ್ ಮುಟ್ಟಬ್ಯಾಡ್ರಿ. ಅದ್ರಾಗೆ ಕರೆಂಟೈತೆ."

ಆ ಒಂದು ಕ್ಷಣ ನಾನು ಯಾವ ದೇವರನ್ನು ಕರೆದೆನೋ, ಕಾನ್ವೆಂಟಿನ ದೇವರನ್ನೋ ಮನೆದೇವರನ್ನೋ, ನೆನಪಿಲ್ಲ.

"ಮುಟ್ಟಿಲ್ಲವ್ವಾ," ಎಂದರು ನಿಧಾನವಾಗಿ. "ಟೇಪು ಬಿಚ್ಚಿದ್ದೆ, ಅಷ್ಟೆ."

ಟೆಸ್ಟರ್ ಇಟ್ಟು ನೋಡಿದರು. ಕೆಂಪಗೆ ಉರಿಯಿತಂತೆ. ಅವಳು ಹೋಗಿ ಯುಪಿಎಸ್ ಆಫ್ ಮಾಡಿ ಬಂದಳು. ಮತ್ತೊಮ್ಮೆ ಇಟ್ಟು ನೋಡಿ ಎಂದು ತಾನೇ ಕೂಗಿ ಹೇಳಿದಳು. ಈ ಸಲ ಉರಿಯಲಿಲ್ಲ.

ಕೆಲಸ ಮುಂದುವರಿಯಿತು. ಫ್ಯಾನನ್ನು ಅದರ ಜಾಗಕ್ಕೆ ಕೂರಿಸಿದರು. ಸೆಕೆಗೆ ಪೆಡಸಾಗಿದ್ದ ತುದಿಗಳನ್ನು ಕತ್ತರಿಸಿ ತೆಗೆದರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕನೆಕ್ಟರಿನಲ್ಲಿ ಬಿಗಿದರು. ಹಸಿರು ವೈರು ಯಾಕೆ ಎಂದು ಅವಳು ಎರಡು ಮೆಟ್ಟಿಲು ಹತ್ತಿ ಕೇಳಿದಳು. ಫ್ಯಾನಿನ ಮೈಯಲ್ಲಿ ಕರೆಂಟು ಬಂದರೆ ಅದನ್ನು ಇದು ನೆಲಕ್ಕೆ ಇಳಿಸುತ್ತದೆ, ಅರ್ಥ್ ಬಿಡಬಾರದು ಎಂದು ಇವರು ಮೇಷ್ಟರ ಹಾಗೆ ವಿವರಿಸಿದರು. ಬಾಕ್ಸಿಗೆ ಮುಚ್ಚಳ ಹಾಕುವವರೆಗೂ ಇಬ್ಬರ ಮಾತು ನಿಲ್ಲಲಿಲ್ಲ. ಆರು ವರ್ಷದ್ದು ಬಾಕಿಯಿತ್ತಲ್ಲ.

ನಾನು ಏಣಿ ಹಿಡಿದುಕೊಂಡಿದ್ದೆ. ಅವರು ಇಳಿದು ಬಂದಾಗ, ನಾನೇ ಹೇಳುವುದನ್ನು ಮರೆತದ್ದು, ಸಾರಿ ಎಂದೆ. ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದೇ ಇದ್ದೆ.

"ಕೈ ಸಡಿಲ ಬಿಡೇ, ಬದುಕೀನಿ," ಎಂದರು.

"ನಂದೂ ತಪ್ಪೈತ್ರಿ ಅತ್ತಿ," ಎಂದಳು ಸೊಸೆ. "ಮನಿಯಾಗೆ ಇರೋರಿಗೆ ನಾನೇ ಹೇಳಬೇಕಿತ್ತು."

ಇವರು ಅವಳ ಕಡೆ ನೋಡಿ, ಇನ್ನು ಮೇಲೆ ಹೇಳವ್ವ ಎಂದರು. ಅವಳು ತಲೆಯಾಡಿಸಲಿಲ್ಲ, ಹ್ಞೂಂರಿ ಎಂದು ಬಾಯಿಬಿಟ್ಟೇ ಹೇಳಿ ಬೋರ್ಡಿನ ಹತ್ತಿರ ಹೋದಳು.

"ಮಾವಾರೇ, ಹಾಕ್ಲೇನ್ರಿ?"

"ಹಾಕವ್ವ."

ಅಟ್ಟದಲ್ಲಿ ಫ್ಯಾನು ತಿರುಗಿತು. ಇವರು ಅದರ ಗಾಳಿ ನೋಡಲು ತಲೆಯೆತ್ತಿದರು. ನಾನು ಇವರನ್ನು ನೋಡುತ್ತ ನಿಂತೆ.