ಹುರುಳಿ ಡ್ರಮ್ಮಿನೊಳಗಿನ ಗೂಡು

ಅರ್ಥಕ್ಕೆ ನಿಲುಕದ ಸಂಗತಿಗಳನ್ನು ನಾನು ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳಿದರೆ, ನಡೆದದ್ದಕ್ಕಿಂತ ಆಮೇಲೆ ಸೇರಿಸಿಕೊಂಡದ್ದೇ ಹೆಚ್ಚು ಎಂದುಕೊಳ್ಳುತ್ತಿದ್ದೆ. ನನ್ನ ನೆನಪಿನ ಮೇಲೂ ಭರವಸೆ ಇಲ್ಲದ್ದರಿಂದಲೇ ದಿನಚರಿ ಬರೆಯುತ್ತೇನೆ. ಇದನ್ನು ಮಾತ್ರ ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನಮ್ಮೂರು ದಿಬ್ಬೂರಹಳ್ಳಿಯ ಹತ್ತಿರ. ಕಿತ್ತ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಹರಡುತ್ತೇವೆ. ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಸಂಜೆ ಅಮ್ಮ ಹೇಳಿದಳು, "ತಿರುವಿನ ಹತ್ರದ್ದು ಎತ್ತಾಕ್ಬಿಡಮ್ಮ. ಎಂ.ಎ. ಓದಿರೋಳಿಗೆ ಪೊರಕೆ ಭಾರನಾ?"

"ಬೆಳಿಗ್ಗೆ ಎತ್ತಣ ಬಿಡಮ್ಮ. ಇನ್ನೊಂದಷ್ಟು ಗಾಡಿ ಓಡಾಡ್ಲಿ" ಎಂದೆ.

ಬೆಳಿಗ್ಗೆ ಇಬ್ಬನಿಗೆ ನೆಂದ ಆ ಗಿಡಗಳ ಮೇಲೆ ಪಕ್ಕದೂರಿನ ನಾಗರಾಜನ ಮೊಪೆಡ್ ಜಾರಿತು. ರೇಷ್ಮೆಗೂಡಿನ ಮೂಟೆ ಹೇರಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟಿದ್ದವನು. ತಲೆ ಮೋರಿಯ ಕಟ್ಟೆಗೆ ಬಡಿದಿತ್ತು. ಮೂಟೆ ಹರಿದು ಗೂಡುಗಳು ಹುರುಳಿಯೊಳಗೆಲ್ಲ ಉರುಳಿದ್ದವು. ಜಜ್ಜಿದ ಹುಳುಗಳ ವಾಸನೆ ಮೂಗಿಗೆ ಅಡರುತ್ತಿತ್ತು.

"ಮೊದ್ಲು ಇದನ್ನ ಬಳಿ, ಪೊಲೀಸ್ನೋರು ಬಂದ್ರೆ ನಮ್ ಮೇಲೆ ಬರತ್ತೆ" ಎಂದಳು ಅಮ್ಮ. ನಾವು ಹುರುಳಿಯನ್ನೆಲ್ಲ ಬಳಿದು ತೆಗೆದೆವು. ಆಮೇಲೆ ಅವನನ್ನು ಎತ್ತಿದೆವು. ಬಳಿಯುವಾಗ ಅವನು ಉಸಿರಾಡುತ್ತಿದ್ದನೇ? ನಾನು ನೋಡಲಿಲ್ಲ ಎಂದೇ ಇಂದಿಗೂ ಹೇಳಿಕೊಳ್ಳುತ್ತೇನೆ.

ಅವನು ಆಸ್ಪತ್ರೆ ಮುಟ್ಟಲಿಲ್ಲ. ಕುಡಿದಿದ್ದ ಎಂದು ಜನ ಆಡಿಕೊಂಡರು. ಹೆಂಡತಿ ರತ್ನಮ್ಮ ಬಂದು, ರಸ್ತೆಯಲ್ಲಿ ಏನಾದರೂ ಇತ್ತೇ ಎಂದು ಕೇಳಿದಾಗ ಇಲ್ಲವೆಂದೆ. ಅಮ್ಮ ಆ ಹುರುಳಿಯನ್ನು ಕೇರಿ, ಹುಳು ಹಿಡಿಯದಂತೆ ಬೂದಿ ಬೆರೆಸಿ ಡ್ರಮ್ಮಿಗೆ ತುಂಬಿದಳು. ಅದರಲ್ಲೇ ಬಸ್ಸಾರು ಮಾಡಿದಳು. ನಾನೂ ಉಂಡೆ.

ಎಂಟು ತಿಂಗಳ ಮೇಲೆ, ಒಂದು ಮಧ್ಯಾಹ್ನ, ರತ್ನಮ್ಮ ಬಿತ್ತನೆಗೆ ಹುರುಳಿ ಕೇಳಿಕೊಂಡು ಬಂದಳು. "ತಗೊಂಡೋಗು ರತ್ನಮ್ಮ, ನೀನೇನ್ ಹೊರಗಿನೋಳಾ?" ಎಂದಳು ಅಮ್ಮ. ನಾನು ಅದೇ ಡ್ರಮ್ಮಿನ ಮುಚ್ಚಳ ತೆಗೆದೆ. ಎರಡು ಸೇರು ಅಳೆದು ಅವಳ ಚೀಲಕ್ಕೆ ಹಾಕಿದೆ. ಮೂರನೆಯದಕ್ಕೆ ಕೈ ಇಳಿಸಿದಾಗ ಮೆತ್ತಗಿನ, ಒದ್ದೆಯಾದ ಏನೋ ಬೆರಳಿಗೆ ಹತ್ತಿತು. ಎತ್ತಿದರೆ, ತೂತಾದ ರೇಷ್ಮೆಗೂಡು. ಅದರ ಮೇಲೆ ಆಗತಾನೇ ಹೊರಬಂದ ಚಿಟ್ಟೆ, ರೆಕ್ಕೆ ನಡುಗಿಸುತ್ತಾ. ನನ್ನ ಅಂಗೈ ಮೇಲೆ ಅದು ಕಂದು ನೀರು ಬಿಟ್ಟಿತು.

ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಬರುತ್ತದೆ, ಇಲ್ಲವೇ ಒಳಗೇ ಸಾಯುತ್ತದೆ. ಎಂಟು ತಿಂಗಳು, ಬೂದಿಯಲ್ಲಿ, ಬಿಗಿ ಮುಚ್ಚಳದ ಕೆಳಗೆ ಬದುಕುವ ಹುಳು ಈ ಸೀಮೆಯಲ್ಲಿಲ್ಲ.

ರತ್ನಮ್ಮ ಅದನ್ನು ದಿಟ್ಟಿಸಿದಳು. "ನಿಮ್ಮನೇಲಿ ಹುಳ ಮೇಯ್ಸಲ್ವಲ್ಲ. ಗೂಡು ಎಲ್ಲಿಂದ ಬಂತು?"

"ಎಲ್ಲಿಂದ್ಲೋ ಬಿದ್ದಿರತ್ತೆ ಬಿಡೇ" ಎಂದಳು ಅಮ್ಮ.

ರತ್ನಮ್ಮ ಅವಳತ್ತ ತಿರುಗಲಿಲ್ಲ. "ನೀನ್ ಹೇಳಮ್ಮ, ಅವತ್ತು ರೋಡಲ್ಲಿ ಏನಿತ್ತು? ಕುಡ್ದು ಬಿದ್ದ ಅಂತ ನನ್ ಮಗಳೇ ಅಂತಾಳೆ."

"ಹುರುಳಿ ಇತ್ತಕ್ಕ" ಎಂದೆ. "ನಾನೇ ಎತ್ತಿರ್ಲಿಲ್ಲ."

ಅವಳು ಚೀಲದಲ್ಲಿದ್ದುದನ್ನು ಡ್ರಮ್ಮಿಗೆ ವಾಪಸ್ಸು ಸುರಿದಳು. ಚಿಟ್ಟೆಯನ್ನು ಸೆರಗಿಗೆ ಹತ್ತಿಸಿಕೊಂಡಳು. "ನಡಿ, ಇದನ್ನೇ ಬಂದು ನನ್ ಮಗಳಿಗೆ ಹೇಳು." ಹೋದೆ, ಹೇಳಿದೆ.

ಅದು ಒಣಗಿ ಸತ್ತ ಹುಳು, ಜೀವ ಇತ್ತೆನ್ನುವುದು ನನ್ನ ಭ್ರಮೆ ಎಂದು ಅಮ್ಮ ಈಗಲೂ ವಾದಿಸುತ್ತಾಳೆ. ರತ್ನಮ್ಮನನ್ನು ಕೇಳುವ ಮುಖ ನನಗಿಲ್ಲ. ದಿನಚರಿ ತೆಗೆದು ನೋಡಿದರೆ, ಒದ್ದೆಯಾಗಿತ್ತು, ಜೀವಂತವಾಗಿತ್ತು ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಆದರೆ ಅದೇ ದಿನಚರಿಯಲ್ಲಿ, ಅದೇ ಕೈಬರಹದಲ್ಲಿ, ನಾಗರಾಜ ಬಿದ್ದ ದಿನ ಬರೆದದ್ದೂ ಇದೆ: ರಸ್ತೆಯಲ್ಲಿ ಏನೂ ಇರಲಿಲ್ಲ.