ಕಂಬ ನೆಟ್ಟಗಾದ ಶನಿವಾರ

ಅಮ್ಮ ಬರೀ ಕಿವಿಯಿಂದ ಹಾಯಿದೋಣಿಯ ಕಂಬವನ್ನು ನೆಟ್ಟಗೆ ಮಾಡಿದಳು ಎಂಬುದು ನಮ್ಮ ಮನೆಯ ಅಧಿಕೃತ ಕಥೆ. ಊಟಕ್ಕೆ ಬಂದವರಿಗೆಲ್ಲ ಅಪ್ಪ ಇದನ್ನು ಹುಳಿಗೂ ಸಾರಿಗೂ ನಡುವೆ ಹೇಳುತ್ತಾರೆ. ಸ್ಕೋಕಿಯ ಅಂಕಲ್ ಹೇಳುವಾಗ ಇದಕ್ಕೆ ಕಲ್ಯಾಣಿ ರಾಗವೂ ಸೇರಿಕೊಂಡಿರುತ್ತದೆ. ಆ ದಿನ ಅಂಕಲ್ ಇದ್ದದ್ದು ಇಲ್ಲಿಂದ ಮುನ್ನೂರು ಮೈಲಿ ದೂರದ ಸ್ಕೋಕಿಯಲ್ಲಿ.

ಕಂಬ ನೆಟ್ಟಗಾದದ್ದು ನಿಜ. ಅಮ್ಮನ ಕಿವಿ ಸೂಕ್ಷ್ಮ ಎಂಬುದೂ ನಿಜ. ಆದರೆ ಎರಡು ನಿಜಗಳನ್ನು ಅಕ್ಕಪಕ್ಕ ಕೂರಿಸಿದರೆ ಒಂದು ಇನ್ನೊಂದಕ್ಕೆ ಕಾರಣವಾಗಿಬಿಡುವುದಿಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಡಿಬೇಟ್ ಮಾಡಿ ನಾನು ಕಲಿತದ್ದು ಹೆಚ್ಚುಕಡಿಮೆ ಇಷ್ಟೇ. ರಿಸೆಷನ್ನಿನ ಆ ವರ್ಷ ಇಷ್ಟು ಕಲಿತವರನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ನಾನು ಸ್ಟರ್ಲಿಂಗ್ ಹೈಟ್ಸ್‌ನ ಮನೆಗೆ, ಹೈಸ್ಕೂಲಿನ ಕಾಲದ ನನ್ನ ಕೋಣೆಗೆ, ವಾಪಸ್ಸಾಗಿದ್ದೆ.

ಅಪ್ಪ ಅದಾಗಲೇ ಮನೆಯಲ್ಲಿದ್ದರು. ಕಾರಿನ ಭಾಗಗಳು ಎಷ್ಟು ನಡುಗುತ್ತವೆ, ಎಷ್ಟು ಸದ್ದು ಮಾಡುತ್ತವೆ ಎಂದು ಅಳೆಯುವ ಎಂಜಿನಿಯರ್ ಅವರು. ಜನವರಿಯಲ್ಲಿ ಕೆಲಸ ಹೋಗಿತ್ತು. ಅಂದಿನಿಂದ ಬೇಸ್‌ಮೆಂಟಿನಲ್ಲೇ ವಾಸ. ಊಟಕ್ಕೆ ಕರೆದರೆ "ಅಪ್ಲೈ ಮಾಡ್ತಿದೀನಿ" ಎಂಬ ಉತ್ತರ ಮೆಟ್ಟಿಲು ಹತ್ತಿ ಬರುತ್ತಿತ್ತು, ಅವರು ಬರುತ್ತಿರಲಿಲ್ಲ. ಮೂವರಲ್ಲಿ ಕೆಲಸವಿದ್ದದ್ದು ಅಮ್ಮನಿಗೆ ಮಾತ್ರ, ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಭಾನುವಾರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ತಂಬೂರಿ ಕೂದಲೆಳೆಯಷ್ಟು ಇಳಿದಿದ್ದರೂ ಪಾಠ ಶುರುವಾಗುತ್ತಿರಲಿಲ್ಲ.

ಅಪ್ಪನ ಹಳೆಯ ಸೂಪರ್‌ವೈಸರ್ ಒಬ್ಬರು, ರಿಟೈರ್ ಆಗಿ ಮಂಡಿ ಆಪರೇಷನ್ ಮಾಡಿಸಿಕೊಂಡವರು, ಮೇ ತಿಂಗಳಲ್ಲಿ ಫೋನ್ ಮಾಡಿದರು. ಸೇಂಟ್ ಕ್ಲೇರ್ ಸರೋವರದ ದಡದ ಬೋಟ್‌ಯಾರ್ಡಿನಲ್ಲಿ ಅವರದೊಂದು ಪುಟ್ಟ ಹಾಯಿದೋಣಿ ಇತ್ತು. ಅಪ್ಪ ಅದರ ಕಂಬವನ್ನು ಸರಿಯಾಗಿ ನಿಲ್ಲಿಸಿಕೊಟ್ಟರೆ ಬೇಸಿಗೆಯಿಡೀ ದೋಣಿ ಅಪ್ಪನದು. ಭಾನುವಾರ ಬಂದು ನೋಡುತ್ತೇನೆ, ಆಗದಿದ್ದರೆ ಮಾರಿಬಿಡುತ್ತೇನೆ ಎಂದರು. ಅಪ್ಪ ಅವತ್ತು ಶೇವ್ ಮಾಡಿಕೊಂಡರು.

ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಇದೂ ಕೈಕೊಟ್ರೆ ಮತ್ತೆ ಕೆಳಗೆ ಇಳಿದುಬಿಡ್ತಾರೆ. ಆಮೇಲೆ ಎಬ್ಬಿಸೋಕೆ ನನ್ ಕೈಲಾಗಲ್ಲ. ನೀನೂ ಹೋಗು, ವಾದ ಮಾಡಬೇಡ," ಎಂದಳು. ಹೋದೆ.

ದೋಣಿಯ ಕಂಬವನ್ನು ಎಡಕ್ಕೊಂದು ಬಲಕ್ಕೊಂದು ಉಕ್ಕಿನ ತಂತಿ ಎಳೆದು ಹಿಡಿದಿರುತ್ತವೆ. ಮುಂದೆ ಹಿಂದೆಯೂ ಒಂದೊಂದು ಇರುತ್ತದೆ, ಅವು ತಕರಾರು ಮಾಡಲಿಲ್ಲ. ಪ್ರತಿ ತಂತಿಯ ಬುಡದಲ್ಲಿ ಬಿಗಿ ಮಾಡಲು ಒಂದು ತಿರುಪು. ಅಪ್ಪನ ಸಿದ್ಧಾಂತ ಸರಳವಾಗಿತ್ತು. "ಎರಡೂ ಕಡೆ ಒಂದೇ ಉದ್ದ, ಒಂದೇ ತಂತಿ. ಮೀಟಿದಾಗ ಒಂದೇ ಸ್ವರ ಬಂದ್ರೆ ಒಂದೇ ಬಿಗಿ. ಒಂದೇ ಬಿಗಿ ಇದ್ರೆ ಕಂಬ ನೆಟ್ಟಗೆ. ಇದು ಫಿಸಿಕ್ಸ್." ಸ್ವರ ಅಳೆಯುವ ಮೀಟರನ್ನು ಕೆಲಸದ ಜೊತೆ ಕಂಪನಿಗೆ ವಾಪಸ್ಸು ಕೊಟ್ಟಾಗಿತ್ತು. ಅಪ್ಪನ ಕಿವಿಗೆ ಪಲ್ಲವಿಯೂ ಪ್ರೆಷರ್ ಕುಕ್ಕರೂ ಒಂದೇ. ಆದ್ದರಿಂದ ಶನಿವಾರ ಡ್ಯೂಟಿ ಮುಗಿದ ಮೇಲೆ ಅಮ್ಮ ನೇರ ಬೋಟ್‌ಯಾರ್ಡಿಗೆ ಬಂದಳು. ಆಸ್ಪತ್ರೆಯ ಬ್ಯಾಡ್ಜ್ ಇನ್ನೂ ಕೊರಳಲ್ಲಿತ್ತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೆಂಟು ಡಿಗ್ರಿಯ ಚಳಿ, ಮೇಲೆ ಗಾಳಿ.

ಅವಳು ಉಣ್ಣೆಯ ಟೊಪ್ಪಿಯನ್ನು ಒಂದು ಕಡೆ ಸರಿಸಿ ತಂತಿಗೆ ಕಿವಿಯಿಟ್ಟಳು. ಅಪ್ಪ ಹೆಬ್ಬೆರಳಿನಿಂದ ಮೀಟಿದರು. ಮಂದ್ರಕ್ಕಿಂತಲೂ ಕೆಳಗಿನ ಒಂದು ಗುಂಯ್.

"ಬಲಗಡೇದು ಇಳಿದಿದೆ," ಎಂದಳು.

ಅಪ್ಪ ಬಲಗಡೆಯ ತಿರುಪನ್ನು ಬಿಗಿ ಮಾಡಿದರು.

"ಇನ್ನೂ ಇಳಿದಿದೆ. ಎಡಗಡೇದೂ ಮೇಲೆ ಹೋಯ್ತಲ್ಲ ರೀ, ಎರಡನ್ನೂ ತಿರುಗಿಸ್ತಿದೀರಾ?"

"ಒಂದೇ ತಿರುಗಿಸ್ತಿರೋದು. ಒಂದನ್ನ ಎಳೆದ್ರೆ ಇನ್ನೊಂದೂ ಬಿಗಿಯಾಗತ್ತೆ. ನಾರ್ಮಲ್."

"ಪಾಠ ಬರದಿದ್ದಾಗ ನನ್ನ ಸ್ಟೂಡೆಂಟ್ಸೂ ಹೀಗೇ ಹೇಳ್ತಾರೆ."

ಹೀಗೆ ಮುಕ್ಕಾಲು ಗಂಟೆ. ತಂತಿಗಳು ಎರಡೂ ಏರುತ್ತಿದ್ದವು, ಸೇರುತ್ತಿರಲಿಲ್ಲ. ಕಂಬದ ತುದಿ ಬಲಕ್ಕೆ ವಾಲಿತ್ತು. ಹಿಂದಿದ್ದ ದೀಪದ ಕಂಬದ ಪಕ್ಕ ಇಟ್ಟು ನೋಡಿದರೆ ಸಂಶಯಕ್ಕೆ ಎಡೆಯೇ ಇರಲಿಲ್ಲ.

"ವೈ ನಾಟ್ ಜಸ್ಟ್ ಮೆಷರ್ ಇಟ್?" ಎಂದೆ ನಾನು. ಕಂಬದ ತುದಿಗೆ ಟೇಪ್ ಏರಿಸಿ ಎರಡೂ ಪಕ್ಕ ಅಳೆದರೆ ಐದು ನಿಮಿಷದ ಕೆಲಸ.

"ಟೇಪ್ ಹಿಡಿಯೋಕೆ ಟೈಲರ್ ಸಾಕು. ಇಪ್ಪತ್ತೆರಡು ವರ್ಷ ನಾನು ಇದನ್ನೇ ಮಾಡಿರೋದು," ಎಂದರು ಅಪ್ಪ. ದನಿ ನಡುಗಿತು. ಅದನ್ನು ಅಳೆಯಲು ಮೀಟರ್ ಬೇಕಿರಲಿಲ್ಲ.

ಅವರು ಮತ್ತೊಂದು ಸುತ್ತು ತಿರುಗಿಸಿದರು. ತಂತಿಯ ಬುಡದಲ್ಲಿ ಡೆಕ್ ಕಿರ್ ಎಂದಿತು. ಅಮ್ಮ ನನ್ನ ಕಡೆ ನೋಡಿದಳು, ಆಮೇಲೆ ಅಪ್ಪನ ಕಡೆ.

"ಬಲಗಡೇದು ಸಡಿಲ ಮಾಡಿ," ಎಂದಳು.

"ಸಡಿಲಾನಾ? ಇಳಿದಿದೆ ಅಂದ್ಯಲ್ಲ."

"ಸಂಗೀತ ಕಲಿತಿರೋದು ನಾನೋ ನೀವೋ?"

ಅಪ್ಪ ಸಡಿಲ ಮಾಡಿದರು. ಮೀಟಿದರು. "ಇನ್ನೂ." ಮತ್ತೆ ಸಡಿಲ, ಮತ್ತೆ ಮೀಟು. "ಇನ್ನೊಂದರ್ಧ ಸುತ್ತು." ಕೊನೆಗೆ, "ಹಾಂ, ಸೇರ್ತು. ಇನ್ನು ಮುಟ್ಟಬೇಡಿ."

ಕಂಬ ನೆಟ್ಟಗಿತ್ತು. ಅಪ್ಪ ಸ್ಪ್ಯಾನರ್ ಹಿಡಿದುಕೊಂಡೇ ದೋಣಿಯನ್ನು ಎರಡು ಸುತ್ತು ಹಾಕಿದರು. ಮಾರನೆಯ ದಿನ ಸೂಪರ್‌ವೈಸರ್ ಊರುಗೋಲು ಹಿಡಿದು ಬಂದರು, ತಂತಿ ಎಳೆದು ನೋಡಿದರು, ತುದಿಯವರೆಗೆ ಕಣ್ಣು ಹಾಯಿಸಿದರು, ಯಾರು ಮಾಡಿದ್ದು ಎಂದು ಕೇಳಿದರು. "ಮೈ ವೈಫ್," ಎಂದರು ಅಪ್ಪ. ಸೂಪರ್‌ವೈಸರ್ ಅದನ್ನು ತಮಾಷೆ ಎಂದುಕೊಂಡು ಕೀಲಿ ಕೊಟ್ಟರು. ಆ ಬೇಸಿಗೆ ಅಪ್ಪ ಹೆಚ್ಚುಕಡಿಮೆ ಪ್ರತಿ ಸಂಜೆ ನೀರಿನ ಮೇಲಿದ್ದರು. ಸೆಪ್ಟೆಂಬರಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು.

ಅಕ್ಟೋಬರಿನಲ್ಲಿ, ಚಳಿಗಾಲಕ್ಕೆಂದು ಕಂಬ ಇಳಿಸಿದಾಗ, ತಂತಿಗಳನ್ನು ಸುತ್ತಿಟ್ಟವಳು ನಾನು. ಬಲಗಡೆಯದು ಕೈಗೆ ಭಾರವೆನಿಸಿತು. ಅಪ್ಪನ ವರ್ನಿಯರ್ ಹಿಡಿದು ಅಳೆದೆ. ಬಲಗಡೆಯದು ಕಾಲುಭಾಗ ಹೆಚ್ಚು ದಪ್ಪ. ಯಾವಾಗಲೋ ಒಮ್ಮೆ ಅದೊಂದನ್ನೇ ಬದಲಾಯಿಸಿರಬೇಕು.

ಎದುರಾಳಿ ಮುಂದಿಟ್ಟ ಮೊದಲ ಸಾಲನ್ನು ಪರೀಕ್ಷಿಸದೆ ಬಿಡಬಾರದು ಎಂಬುದು ಡಿಬೇಟಿನ ಬಾಲಪಾಠ. 'ಒಂದೇ ತಂತಿ' ಎಂದು ಅಪ್ಪ ಹೇಳಿದಾಗ ಅದನ್ನು ಬಿಟ್ಟು ನಾನು ಟೇಪಿನ ಬಗ್ಗೆ ವಾದಿಸಿದ್ದೆ. ಬಿಗಿ ಸಮನಾಗಿದ್ದರೆ ದಪ್ಪ ತಂತಿಯ ಸ್ವರ ಇಳಿದೇ ಇರುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದೆ: ಕಾಲುಭಾಗದ ದಪ್ಪಕ್ಕೆ ಷಡ್ಜಕ್ಕೂ ಗಾಂಧಾರಕ್ಕೂ ಇರುವಷ್ಟು ಅಂತರ. ಅಂದರೆ ಕಂಬ ನೆಟ್ಟಗೆ ನಿಂತ ಆ ಕ್ಷಣದಲ್ಲಿ ಎರಡು ತಂತಿ ಒಂದೇ ಸ್ವರ ನುಡಿದಿರಲು ಸಾಧ್ಯವೇ ಇರಲಿಲ್ಲ. ಆರು ವರ್ಷದ ಮಕ್ಕಳಿಗೂ ಗೊತ್ತಾಗುವ ಅಂತರ ಅದು. ಕೂದಲೆಳೆಗೆ ಪಾಠ ನಿಲ್ಲಿಸುವವಳಿಗೆ ಕೇಳಿಸಲಿಲ್ಲವಂತೆ.

ಆ ಶನಿವಾರವನ್ನು ಮತ್ತೆ ನೆನಪು ಮಾಡಿಕೊಂಡೆ. ಸಡಿಲ ಮಾಡಿ ಎಂದ ಮೇಲೆ ಅಮ್ಮ ತಂತಿಯ ಹತ್ತಿರ ಇರಲೇ ಇಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕಿವಿ ಮುಚ್ಚುವಂತೆ ಟೊಪ್ಪಿ ಎಳೆದುಕೊಂಡು, ತಲೆಯೆತ್ತಿ ನಿಂತಿದ್ದಳು.

ಮೊನ್ನೆ ಥ್ಯಾಂಕ್ಸ್‌ಗಿವಿಂಗ್‌ಗೆ ಮನೆಗೆ ಹೋಗಿದ್ದೆ. ಅಪ್ಪ ಹಾಲಿನಲ್ಲಿ ಹೊಸಬರಿಗೆ ಕಥೆ ಹೇಳುತ್ತಿದ್ದರು. ಸ್ಪ್ಯಾನರ್ ಬಂದಿತ್ತು, ಗುಂಯ್ ಇನ್ನೂ ಬಂದಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ತಂತಿಯ ದಪ್ಪದ ವಿಷಯ ಹೇಳಿದೆ. ಕಾಗದದ ಲೆಕ್ಕ ತೋರಿಸಿದೆ. ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅಮ್ಮ, ಅವತ್ತು 'ಸೇರ್ತು' ಅಂದ್ಯಲ್ಲ, ತಂತಿ ಕೇಳಿ ಅಂದ್ಯಾ, ಕಂಬ ನೋಡಿ ಅಂದ್ಯಾ, ಇಲ್ಲ ಅಪ್ಪನ ಮುಖ ನೋಡಿ ಅಂದ್ಯಾ?"