ಇಳಕಲ್ಲಿನಲ್ಲಿ ಬಿಳಿ ಬಟ್ಟೆ

ಇಳಕಲ್ಲಿನ ನೇಕಾರರ ಮನೆಯಲ್ಲಿ ನೀಲವ್ವ ಒಂದೊಂದೇ ಸೀರೆ ಬಿಚ್ಚಿ ಹರಡುತ್ತಿದ್ದರು. ಹುಬ್ಬಳ್ಳಿ ಬಿಟ್ಟು ಮುಂಬೈ ಸೇರಿ ವರ್ಷವಾದ ನನ್ನ ಯಹೂದಿ ಗೆಳತಿ ರೆಬೆಕ್ಕಾ ಯಾವುದನ್ನೂ ಮುಟ್ಟಲಿಲ್ಲ.

“ಬರೇ ಬಿಳಿ ಹತ್ತಿ ಬಟ್ಟಿ ಬೇಕ್ರಿ. ಅಂಚು ಬ್ಯಾಡ.”

“ಯಾರಿಗ, ತಂಗಿ?”

“ನನಗರಿ. ಸತ್ತಾಗ ಉಡಸಾಕ.”

ನೀಲವ್ವನ ಕೈಯಿಂದ ಸೀರೆ ಜಾರಿತು. ಯಾವುದೋ ಕಾಯಿಲೆ ಮುಚ್ಚಿಟ್ಟಿದ್ದಾಳೇನೋ ಎಂದು ನಾನು ಅವಳ ಮುಖ ನೋಡಿದೆ.

ಅವಳು ಮಾತ್ರ ನಗುತ್ತಿದ್ದಳು. ಮುಂಬೈಯಲ್ಲಿ ಅವರ ಪ್ರಾರ್ಥನಾ ಮಂದಿರದ ಹೆಂಗಸರು ಒಟ್ಟಿಗೆ ಕೂತು, ದಾರಕ್ಕೆ ಒಂದೂ ಗಂಟು ಹಾಕದೆ, ತಮ್ಮವರ ಹೆಣದ ಬಟ್ಟೆಯನ್ನು ಬದುಕಿರುವಾಗಲೇ ಕೈಯಲ್ಲಿ ಹೊಲಿದಿಡುತ್ತಾರಂತೆ.

“ವರ್ಷ ಪೂರ್ತಿ ಹಿಂದಿನ ಬೆಂಚಿನ ಮ್ಯಾಲ ಒಬ್ಬಾಕಿನ ಕುಂತೀನ್ರಿ. ಹ್ವಾದ ವಾರ ನನ್ನ ಕೈಯಾಗೂ ಸೂಜಿ ಕೊಟ್ರು.”

ನೀಲವ್ವ ಸೀರೆ ಎತ್ತಿಕೊಳ್ಳಲೇ ಇಲ್ಲ.

“ನಿಂದು ನೀನ ಹೊಲ್ಕೋತೀಯೇನು?”

“ಇಲ್ರಿ. ನಂದು ಹೊಲಿಯೋರು ಸಿಕ್ಕಾರ.”